ಬೊಗುಮಿಲಾಳ ಹಳದಿ ಪುಸ್ತಕ

ಬಾಯಿಮಾತು ಎಂದರೆ ಬೊಗುಮಿಲಾಳಿಗೆ ಆಗದು. ಮೂವತ್ತು ವರ್ಷದಿಂದ ಪೋಲೆಂಡಿನ ಊರೂರುಗಳಲ್ಲಿ ಕಟ್ಟಡ ಕಟ್ಟಿಸುತ್ತಿರುವ ಈ ಇಂಜಿನಿಯರ್, ಆಯಾ ದಿನದ ಕೆಲಸ, ಮಳೆ, ಮಂಜು, ಯಾರು ಬಂದು ಏನೆಂದರು ಎಂಬುದನ್ನೆಲ್ಲ ಹಳದಿ ರಟ್ಟಿನ ದಿನಚರಿಯಲ್ಲಿ ಬರೆದು, ಹೇಳಿದವರಿಂದಲೇ ಸಹಿ ಹಾಕಿಸಿಕೊಳ್ಳುತ್ತಾಳೆ.

ಈ ಸಲ ಕಟ್ಟುತ್ತಿದ್ದದ್ದು ಶಿಶುವಿಹಾರ. ಚಾವಣಿ ಮುಗಿದ ದಿನ ಅದರ ನೆತ್ತಿಗೆ ಹಸಿರು ಮಾಲೆ ಕಟ್ಟುವುದು ಅಲ್ಲಿನ ವಾಡಿಕೆ; ಆ ಮಾಲೆ ಇನ್ನೂ ಏರಿರಲಿಲ್ಲ. ಊರಿನ ಅಧ್ಯಕ್ಷ ಲುಟ್ಸ್ಯಾನ್ ಬೆಳಿಗ್ಗೆಯೇ ಬಂದು ಹರಿಹಾಯ್ದ.

“ಏನ್ ಇಂಜಿನಿಯರಮ್ಮಾ, ಇಪ್ಪತ್ತು ದಿನ ತಡ! ನಿಮ್ಮೋರೇನು ನಿದ್ದೆ ಮಾಡ್ತಿದ್ರಾ?”

ಬೊಗುಮಿಲಾ ಪುಸ್ತಕ ಬಿಚ್ಚಿದಳು. “ಓದಿ, ಅಧ್ಯಕ್ಷರೇ. ಏಪ್ರಿಲ್ ಒಂಬತ್ತನೇ ತಾರೀಖು ಬಂದು, ಅಡುಗೆಮನೆ ರಸ್ತೆ ಕಡೆ ಬೇಡ, ತೋಟದ ಕಡೆ ಹಾಕಿ ಅಂದ್ರಿ. ಎದ್ದಿದ್ದ ಗೋಡೆ ಕೆಡವಿ ಮತ್ತೆ ಕಟ್ಟೋಕೆ ಹದಿನೇಳು ದಿನ ಹಿಡೀತು. ಕೆಳಗಿರೋ ಸಹಿ ಯಾರ್ದು?”

ಲುಟ್ಸ್ಯಾನ್ ತನ್ನದೇ ಸಹಿಯನ್ನು ದಿಟ್ಟಿಸಿದ. “ಮಿಕ್ಕ ಮೂರು ದಿನ?”

“ಅದು ನನ್ ತಪ್ಪು. ಕಿಟಕಿ ಅಳತೆ ತಪ್ಪು ಕೊಟ್ಟಿದ್ದೆ. ಅದನ್ನೂ ಬರ್ದಿದೀನಿ, ನೋಡಿ.”

ತನ್ನ ತಪ್ಪನ್ನೇ ಬರೆದಿಟ್ಟವಳ ಜೊತೆ ಜಗಳವಾಡುವುದು ಹೇಗೆ? ಅವನು ನಕ್ಕು, ಕೆಲಸ ಮುಗಿಸಲು ಹದಿನೇಳು ದಿನ ಹೆಚ್ಚು ಕೊಟ್ಟಿದ್ದೇನೆಂದು ಅಲ್ಲೇ ಬರೆದ. ತನ್ನ ಮೂರು ದಿನವನ್ನು ಶನಿವಾರಗಳಲ್ಲಿ ತುಂಬಿಕೊಡುತ್ತೇನೆಂದು ಆಕೆ ಬರೆದಳು. ಶಾಲೆ ಶುರುವಾಗುವ ಸೆಪ್ಟೆಂಬರಿಗೆ ಮಕ್ಕಳು ಒಳಗಿರುವುದು ಖಂಡಿತವಾಯಿತು.

ಗೇಟಿನವರೆಗೆ ಹೋದವನು ತಿರುಗಿ ನಿಂತ. “ಇಂಜಿನಿಯರಮ್ಮಾ, ಆ ಮುಂಬಾಗ್ಲು ಒಂಚೂರು ಎಡಕ್ಕೆ...”

ಬೊಗುಮಿಲಾ ಪೆನ್ನು ಚಾಚಿದಳು.

“ಏನಿಲ್ಲ ಬಿಡಿ,” ಎಂದ ಅಧ್ಯಕ್ಷ. “ಇದ್ದಲ್ಲೇ ಚೆನ್ನಾಗಿದೆ.”