ಕಾರಿಗೆ ಹೊಕ್ಕ ಗಾಳಿ

ಓದುಗರಿಗೆ ಶರಣ್ರಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಮದುಮಗನಾಗಿ ನಾ ಕುಂತಿದ್ದ ಹಳೇ ಡೀಸೆಲ್ ಕಾರು, ಗಂಗಾವತಿ ದಾಟಿ ಚಾ ಕುಡ್ಯಾಕ ನಿಂತದ್ದು, ಮತ್ತ ಸುರು ಆಗಲಿಲ್ಲ. ಕಾರಟಗ್ಯಾಗ ನನ್ನ ಮದವಿ ಅಕ್ಕಿಕಾಳು ಬೀಳಾಕ ಒಂದ ತಾಸು ಉಳದಿತ್ತು.

ಗ್ಯಾರೇಜಿನ ಮೇಸ್ತ್ರಿ ಬಂದು ಬಾನೆಟ್ ಎತ್ತಿ, "ಗಾಳಿ ಹೊಕ್ಕೈತ್ರಿ" ಅಂದ. ಅಂವ ಹೇಳಿದ್ದು ಡೀಸೆಲ್ ಪೈಪಿನ ಗಾಳಿ. ಕಾರಿನ್ಯಾಗ ಜೋಡಿ ಬಂದಿದ್ದ ನಮ್ಮಜ್ಜಿ ತಿಳಕೊಂಡಿದ್ದು ದೆವ್ವದ ಗಾಳಿ.

"ಹುಣಸಿಗಿಡದ ಕೆಳಗ ನಿಲ್ಲಸಬ್ಯಾಡ ಅಂದಿದ್ನಿಲ್ಲೋ!" ಅಂತ ಡ್ರೈವರಗ ಬೈದು, ಮದುಮಗಗ ಗಾಳಿ ಸೋಕಬಾರ್ದಂತ ನನ್ನ ಕೈಯಾಗ ಕೊಟ್ಟಿದ್ದ ಚೂರಿಗೆ ಚುಚ್ಚಿದ್ದ ನಿಂಬಿಹಣ್ಣ ಕಿತ್ತು, ಇಂಜಿನ್ನಿಗೆ ನಿವಾಳಿಸಿ ಒಗದ್ಲು. ಅಷ್ಟರಾಗ ಮೇಸ್ತ್ರಿ ನಟ್ ಸಡ್ಲ ಮಾಡಿ ಪಂಪ್ ಒತ್ತಿದ, ಪೈಪಿನ್ಯಾಗಿನ ಗಾಳಿಗುಳ್ಳಿ ಬುಳುಬುಳು ಹೊರಬಿದ್ವು. ನಟ್ ಬಿಗದು ಕೀಲಿ ತಿರುವಿದ್ರ ಕಾರು ಸುರು!

"ನೋಡು, ಗಾಳಿ ಓಡಿ ಹೋತು" ಅಂದ್ಲು ಅಜ್ಜಿ.

ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ವು. ಆದ್ರ ಇವತ್ತಿಗೂ ನಾ ಸಿಟ್ಟಿಗೆದ್ರ ಹೆಂಡ್ತಿ, "ಅವತ್ತ ನಿಮ್ಮ ನಿಂಬಿಹಣ್ಣು ಕಾರಿಗೆ ಹೋತಲ್ರಿ, ಆ ಗಾಳಿ ನಿಮ್ಮನ್ನ ಹೊಕ್ಕೈತಿ" ಅಂತಾಳ. ನಿಮಗೂ ಹಿಂಗ ಆಗಿದ್ರ ಬರದು ತಿಳಸ್ರಿ.