ನಿಮ್ಮ ನಂಬರ್ ಬರ್ಕಳ್ಲಾ?

“ಮನೇವ್ರ ಫೋನ್ ನಂಬರ್ ಕೇಳವ್ರೆ. ನಿಮ್ದೇ ಬರ್ಕಳ್ಲಾ, ಅಣ್ಣಾ?”

ರಾಯದುರ್ಗದಲ್ಲಿ ಬಹಳ ವರ್ಷ ಬೀಡಿ ಸೇದಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ತಪಾಸಣೆ ನಡೆದಿತ್ತು. ಸಾಲಿನಲ್ಲಿ ನನ್ನ ಮುಂದಿದ್ದ ಅಪರಿಚಿತರೊಬ್ಬರು ಫಾರಂ ಹಿಡಿದು ಹೀಗೆ ಕೇಳಿದರು. ಅಗಳಿ ಕಡೆಯಿಂದ ಜೀನ್ಸ್ ಹೊಲಿಯಲು ಬಂದು ಇಲ್ಲೇ ಒಂಟಿಯಾಗಿ ಉಳಿದವರು.

“ಬರ್ಕೊಳ್ರಿ” ಎಂದೆ. ನನಗೂ ಯಾರೂ ಇಲ್ಲ, ನನ್ನ ಫಾರಂನಲ್ಲಿ ಅವರ ನಂಬರ್ ಬರೆದೆ.

ವಾರದ ಬಳಿಕ ಆಸ್ಪತ್ರೆಯಿಂದ ನನಗೆ ಕರೆ ಬಂತು. ಅವರ ಫೋನ್ ಸಿಗುತ್ತಿಲ್ಲ, ಸ್ಕ್ಯಾನಿನಲ್ಲಿ ಗಂಟು ಕಂಡಿದೆ, ಕರೆದುಕೊಂಡು ಬನ್ನಿ ಎಂದರು. ಹೊಲಿಗೆ ಯೂನಿಟ್ಟುಗಳಲ್ಲಿ ಕೇಳುತ್ತಾ ಹೋಗಿ ಅವರನ್ನು ಹುಡುಕಿದೆ. ವಿಷಯ ತಿಳಿದು ಮಷಿನ್ ನಿಲ್ಲಿಸಿದರು. “ನೀವೂ ಬರ್ತೀರಾ?” ಎಂದಷ್ಟೇ ಕೇಳಿದರು. ಹೋದೆ. ಮತ್ತಷ್ಟು ಪರೀಕ್ಷೆ ಮಾಡಿ, ಕ್ಯಾನ್ಸರ್ ಗಂಟು ಸಣ್ಣದಿರುವಾಗಲೇ ಸಿಕ್ಕಿದೆ ಎಂದು ಡಾಕ್ಟರು ಚಿಕಿತ್ಸೆ ಶುರು ಮಾಡಿದರು.

ನನ್ನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆ ಸಂತೋಷ ಹೇಳಿಕೊಳ್ಳಲು ನನಗಿದ್ದವರು ಅವರೊಬ್ಬರೇ. ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ.