ಬೋರಮ್ಮನ ಸೇಡು

ಆಗಿನ್ನೂ ಯಲಹಂಕದಾಚೆಯ ನಮ್ಮೂರಲ್ಲಿ ದ್ರಾಕ್ಷಿ ತೋಟಗಳಿದ್ದವು. ಬೇಸಿಗೆ ಅಂದರೆ ನಮಗೆ ಹುಳಿ ದ್ರಾಕ್ಷಿಗೆ ಉಪ್ಪು ಖಾರ ಹಚ್ಚಿ ತಿನ್ನೋದು, ಬೋರಿನ ತೊಟ್ಟಿಯಲ್ಲಿ ಮೈ ನಡುಗೋವರೆಗೂ ಬಿದ್ದಿರೋದು. ತಾತ ಕೊರೆಸಿದ ಬೋರು ಅದು, ನೀರು ಅಷ್ಟು ಸಿಹಿ. ಕರೆಂಟ್ ಇದ್ದಷ್ಟು ಹೊತ್ತು ಯಾರು ಬಿಂದಿಗೆ ತಂದರೂ ಇಲ್ಲ ಅನ್ನೋ ಹಾಗಿರಲಿಲ್ಲ. ಅದು ಅಜ್ಜಿಯ ಕಟ್ಟಪ್ಪಣೆ.

ನನ್ನನ್ನು ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದ್ದೂ ಆಗಲೇ. ಒಂದಿನ ಇಂಗ್ಲಿಷ್ ಮಿಸ್ ‘ಬೋರ್’ ಅನ್ನೋ ಪದ ಕೊಟ್ಟು ವಾಕ್ಯ ಮಾಡಿ ಅಂದರು. ನನಗೋ ಹಬ್ಬ. ಎಲ್ಲರಿಗಿಂತ ಮೊದಲು ಕೈ ಎತ್ತಿ, ನಮ್ಮ ಬೋರಲ್ಲಿ ಸಿಹಿ ನೀರು ಬರುತ್ತೆ ಅಂತ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಕ್ಲಾಸೆಲ್ಲ ಘೊಳ್ಳೆಂದಿತು.

“ಬೋರ್ ಅಂದ್ರೆ ಬೇಜಾರು ಕಣೇ. ನೀರಂತೆ ನೀರು! ಅದು ನಿಮ್ಮ ಹಳ್ಳಿ ಭಾಷೆ, ಇಂಗ್ಲಿಷ್ ಅಲ್ಲ. ಬೆಂಚ್ ಮೇಲೆ ಹತ್ತು, ಬೋರಮ್ಮ!”

ಅಷ್ಟೇ. ಅವತ್ತಿಂದ ಇಡೀ ಸ್ಕೂಲಿಗೆ ನಾನು ಬೋರಮ್ಮ. ಆ ಮಿಸ್ ಇನ್ನೊಂದು ಸಲ ಕ್ಲಾಸಲ್ಲಿ ನಿಂತು ‘ಅವಳು ಹೇಳಿದ್ದು ಸರಿ’ ಅನ್ನಬೇಕು, ಅಲ್ಲಿವರೆಗೂ ಬಿಡಲ್ಲ ಅಂತ ಹಲ್ಲು ಕಚ್ಚಿದೆ.

ಮಿಸ್ ಬಾಡಿಗೆಗಿದ್ದದ್ದು ನಮ್ಮ ತೋಟದ ಹಿಂದಿನ ಬೀದಿಯಲ್ಲೇ. ಬಿಸಿಲು ಏರಿ ಆ ಬೀದಿಯ ನಲ್ಲಿಯಲ್ಲಿ ನೀರು ನಿಂತಾಗ ಅವರೂ ಬಿಂದಿಗೆ ಹಿಡಿದು ಬಂದರು. “ಬಾರಮ್ಮ ಟೀಚರಮ್ಮ, ನಿಂದೇ ಮೊದ್ಲು ಮಡಗು” ಅಂತ ಅಜ್ಜಿ ಕರೆದಳು. ನನ್ನ ಹೊಟ್ಟೆ ಉರಿಯಿತು. ಆದರೆ ಮೋಟಾರಿನ ಸ್ಟಾರ್ಟರ್ ನನ್ನ ಕೈಲಿತ್ತಲ್ಲ! ಅವರು ಬಿಂದಿಗೆ ಇಟ್ಟ ತಕ್ಷಣ ಕೆಂಪು ಬಟನ್ ಒತ್ತಿದೆ.

“ಕರೆಂಟ್ ಹೋಯ್ತು ಮಿಸ್!”

ಕಾದು ಕಾದು ಖಾಲಿ ಬಿಂದಿಗೆ ಎತ್ತಿಕೊಂಡು ಗೇಟಿನವರೆಗೆ ಹೋದರು. ಹಸಿರು ಬಟನ್ ಒತ್ತಿದೆ. ನೀರು ಧುಮುಕಿತು. ಅವರು ಓಡಿ ಬಂದರು. ಮತ್ತೆ ಕೆಂಪು. ವಾರವಿಡೀ ಹೀಗೇ ಆಡಿಸಿದೆ. ಅಬ್ಬಾ, ಆ ಸುಖ! ದ್ರಾಕ್ಷಿಗಿಂತ ರುಚಿಯಾಗಿತ್ತು.

ಸಿಕ್ಕಿಬಿದ್ದದ್ದು ನನ್ನ ದಡ್ಡತನದಿಂದ. ಮೋಟಾರ್ ಮನೆಯ ಬಲ್ಬು ಆರಿಸಿರಲಿಲ್ಲ.

“ಬಲ್ಬು ಉರೀತಾ ಅದೆ, ಕರೆಂಟ್ ಎಂಗೆ ಓಯ್ತೇ?” ಅಜ್ಜಿ ಮಿಸ್ ಎದುರಿಗೇ ಕಿವಿ ಹಿಂಡಿದಳು.

“ನನ್ನನ್ನ ಬೋರಮ್ಮ ಅಂದ್ರಲ್ಲ, ಇವರಿಗ್ಯಾಕೆ ನಮ್ಮ ಬೋರಿನ ನೀರು?”

“ಏನಾರ ಅನ್ಲಿ. ಬಾಯಾರಿದೋರಿಗೆ ಇಲ್ಲ ಅಂತೀಯಾ? ಒತ್ಕೊಂಡೋಗಿ ಅವ್ರ ಮನೇಲಿ ಮಡಗ್ ಬಾ.”

ತುಂಬಿಸಿ ಹೊತ್ತೆ. ಬಾಗಿಲಲ್ಲಿ ಬಿಂದಿಗೆ ಇಳಿಸಿ, “ನಾಳೆ ಕ್ಲಾಸಲ್ಲಿ ಹೇಳಿ ಮಿಸ್, ಬೋರ್ ಅಂದ್ರೆ ಇದೂ ಅಂತ” ಅಂದೆ. ಮಿಸ್ ಮುಖ ಕೆಂಪಾಗಿತ್ತು. “ಸರಿ, ಹೇಳ್ತೀನಿ” ಅಂದರು.

ಹೇಳಲಿಲ್ಲ. ಮಾರನೆ ದಿನ ಮುಂದಿನ ಪಾಠ ತೆಗೆದರು. ಬೇಸಿಗೆ ಮುಗಿಯೋವರೆಗೂ ನಮ್ಮ ನೀರೇ ಕುಡಿದರು, ಪುಣ್ಯಾತ್ಗಿತ್ತಿ.

ಎಷ್ಟೋ ವರ್ಷದ ಮೇಲೆ ದೊಡ್ಡ ಡಿಕ್ಷನರಿ ತೆಗೆದು ನೋಡಿದೆ. ಕೊರೆಯೋ ಬೋರು ಇಂಗ್ಲಿಷಿನದೇ ತೀರಾ ಹಳೇ ಮಾತು. ಸಮುದ್ರದ ಉಬ್ಬರ ನದಿಯೊಳಕ್ಕೆ ನುಗ್ಗಿದರೆ ಅದೂ ಬೋರಂತೆ. ಬೇಜಾರಿನ ಬೋರು ಮಾತ್ರ ಆಮೇಲೆ ಬಂದದ್ದು, ಎಲ್ಲಿಂದ ಬಂತೋ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಮಿಸ್ ಈಗೆಲ್ಲಿದ್ದಾರೋ. ಸಿಕ್ಕಿದ್ದರೆ ಆ ಪುಟವನ್ನು ಮೂಗಿನ ಮುಂದೆ ಹಿಡಿದು ಬೆಂಚ್ ಹತ್ತಿಸುತ್ತಿದ್ದೆ.

ಈಗ ಅಜ್ಜಿ ಇಲ್ಲ. ತೋಟದ ಜಾಗದಲ್ಲಿ ಅಪಾರ್ಟ್‌ಮೆಂಟು, ಅದರಲ್ಲೇ ನಮ್ಮ ಮನೆ. ಮೊನ್ನೆ ನೀರಿನ ಟ್ಯಾಂಕರ್‌ಗೆ ಕಾಯುತ್ತಾ ನಿಂತಿದ್ದಾಗ ಮಗಳು “ಅಮ್ಮಾ, ಬೋರು” ಅಂತ ಮುಖ ಸಪ್ಪಗೆ ಮಾಡಿದಳು.

“ಬೋರಂದ್ರೆ ಅದಲ್ಲ ಕಣೇ, ಬಾ ತೋರಿಸ್ತೀನಿ” ಅಂತ ಕೈ ಹಿಡಿದು ಎಳೆದುಕೊಂಡು ಹೋದೆ. ಬತ್ತಿದ ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿದ್ದರು. ಅದರ ಮೇಲೆ ಯಾರದೋ ಕಾರು ನಿಂತಿತ್ತು.

“ಎಲ್ಲಿ ಅಮ್ಮಾ?” ಅಂದಳು.

ಕೊನೆಗೂ ಬೋರಂದ್ರೆ ಬೇಜಾರೊಂದೇ ಉಳೀತು. ನಮ್ಮ ನೀರು ಕುಡಿದೇ ಗೆದ್ದುಬಿಟ್ಟರು ಕಣ್ರೀ, ಆ ಮಿಸ್.